ಉತ್ತರದೇಶದ ಜೌಗುನೆಲಗಳಲ್ಲಿ ಬದುಗಳೂ ಮಡುಗಳೂ ಉಂಟಾಗುವ ಬಗೆ

ಫಿನ್ಲೆಂಡ್ ದೇಶದ ಉತ್ತರಭಾಗದ ಮೇಲೆ ಬೇಸಗೆಯಲ್ಲಿ ವಿಮಾನದಲ್ಲಿ ಸಂಚರಿಸುವವರಿಗೆ ಕೆಳಗೆ ಒಂದು ವಿಚಿತ್ರವಾದ ನೋಟವು ಕಾಣುವುದು. ಕಣ್ಣು ಹರಿಯುವಷ್ಟು ದೂರವೂ ನೀರಿನಿಂದ ತೊಯ್ದ, ಹೆಚ್ಚುಕಡಿಮೆ ಸಮತಟ್ಟಾದ ನೆಲ. ಅದರ ಮೇಲೆ ಒಂದರ ಹಿಂದೊಂದರಂತೆ ಬಳುಕಿ ಬಳುಕಿ ಹೋಗುವ ಕಿರಿದಾದ ಏರುಗಳು. ಎರಡೆರಡು ಏರುಗಳ ನಡುವೆ ಕಪ್ಪಗೆ ಹೊಳೆಯುವ ನೀರು. ಇಳಿಜಾರಿನ ಹೊಲದಲ್ಲಿ ಮಳೆಯ ನೀರು ಓಡಿಹೋಗದಂತೆ ಜಾಣನಾದ ಒಕ್ಕಲಿಗನು ಸಮಮಟ್ಟವನ್ನು ಹಿಡಿದು ಬದುಗಳನ್ನು ಹಾಕಿದ್ದಾನೋ ಎಂಬಂತೆ ಇವು ತೋರುವುವು. ಆದರೆ ಅಲ್ಲಿ ಗುದ್ದಲಿ ಹಿಡಿದವರು ಯಾರೂ ಇಲ್ಲ. ಈ ಬದುಗಳನ್ನು ಕಟ್ಟಿದುದು ಪಾಚಿಯೂ ನೀರೂ ಕಾಲವೂ ಸೇರಿ. ಇವು ಹೇಗೆ ಉಂಟಾದುವೆಂಬ ಪ್ರಶ್ನೆಯು ನೂರು ವರ್ಷಗಳಿಗೂ ಮಿಕ್ಕಿ ವಿದ್ವಾಂಸರ ವಿವಾದಕ್ಕೆ ವಿಷಯವಾಗಿದೆ. ಆ ನೆಲವನ್ನು ಒಣಗಿಸಿ ಸಾಗುವಳಿಗೆ ತರಲು ಹೊರಟವರಿಗೂ ಈ ಪ್ರಶ್ನೆಯು ಕೇವಲ ಕುತೂಹಲದ್ದಾಗಿ ಉಳಿಯಲಿಲ್ಲ.

ಮೊದಲು ಆ ನೆಲದ ಗುಣವನ್ನು ತಿಳಿಯಬೇಕು. ಕಲ್ಲು ಸವೆದು ಆದ ಮಣ್ಣು ಅದಲ್ಲ. ಸತ್ತ ಸಸ್ಯಗಳು ಪೂರ್ತಿಯಾಗಿ ಕೊಳೆಯದೆ ಒಂದರ ಮೇಲೊಂದು ಕೂಡಿ ಆದ ಪದಾರ್ಥ. ಇದಕ್ಕೆ ಪೀಟು ಎಂದು ಹೆಸರು. ಸಾಮಾನ್ಯವಾದ ಹೊಲದಲ್ಲಿ ಬಿದ್ದ ಎಲೆಯೂ ಬೇರೂ ಗಾಳಿಯ ಆಮ್ಲಜನಕವನ್ನು ಪಡೆದ ಸೂಕ್ಷ್ಮಜೀವಿಗಳ ಕೆಲಸದಿಂದ ಕೆಲವು ವರ್ಷಗಳಲ್ಲಿ ಕರಗಿ ಗೊಬ್ಬರವಾಗುವುವಷ್ಟೆ. ನೆಲವು ಸದಾ ನೀರಿನಲ್ಲಿ ಮುಳುಗಿದ್ದರೆ ಗಾಳಿಯು ಒಳಹೋಗಲಾರದು. ಶೀತವೂ ಸೇರಿದರೆ ಕೊಳೆಯುವ ಕೆಲಸವು ಮತ್ತಷ್ಟು ನಿಧಾನವಾಗುವುದು. ವರ್ಷಕ್ಕೆ ಬೆಳೆದುದರಲ್ಲಿ ಒಂದು ಸಣ್ಣ ಪಾಲು ಮಾತ್ರವೇ ಉಳಿದರೂ ಆ ಪಾಲು ಕೂಡುತ್ತಲೇ ಹೋಗುವುದು. ಈ ಕೂಡುವಿಕೆಯು ಸಾಮಾನ್ಯವಾಗಿ ವರ್ಷಕ್ಕೆ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಹಿಮಯುಗದ ಮಂಜಿನ ಹಾಸು ಫಿನ್ಲೆಂಡಿನಿಂದ ಹಿಂದೆಗೆದು ಸುಮಾರು ೧೦,೦೦೦ ವರ್ಷಗಳಾದುವು. ಅಂದಿನಿಂದ ಕೂಡಿದ ಪೀಟು ಹಲವೆಡೆ ಕೆಲವು ಮೀಟರುಗಳ ದಪ್ಪವಾಗಿದೆ. ಇಂಥ ನೆಲಗಳು ಸ್ವೀಡನ್, ನಾರ್ವೆ, ರಷ್ಯಾ, ಕೆನಡಾ ದೇಶಗಳಲ್ಲಿಯೂ ಅಮೆರಿಕದ ಮಿನೆಸೋಟಾ ಸೀಮೆಯಲ್ಲಿಯೂ ವಿಸ್ತಾರವಾಗಿವೆ. ಪಶ್ಚಿಮ ಸೈಬೀರಿಯದ ವಾಸ್ಯುಗಾನ್ ಎಂಬ ಒಂದೇ ಜೌಗು ೫೦,೦೦೦ ಚದರ ಕಿಲೋಮೀಟರಿಗೂ ಹೆಚ್ಚು.

ಪೀಟಿನ ಹೆಚ್ಚಿನ ಪಾಲನ್ನು ಒದಗಿಸುವ ಸಸ್ಯವು ಸ್ಫ್ಯಾಗ್ನಂ ಎಂಬ ಪಾಚಿ. ಇದಕ್ಕೆ ಬೇರಿಲ್ಲ, ತುದಿಯಲ್ಲಿ ಬೆಳೆಯುತ್ತ ಬುಡದಲ್ಲಿ ಸಾಯುತ್ತ ಮೇಲೇರುವುದು. ಇದರ ಎಲೆಗಳಲ್ಲಿ ಜೀವವಿಲ್ಲದ, ರಂಧ್ರಗಳುಳ್ಳ ದೊಡ್ಡ ಕೋಶಗಳಿದ್ದು ಅವು ನೀರಿನ ಕುಡಿಕೆಗಳಂತೆ ಇರುವುವು. ಒಣಗಿದ ಪಾಚಿಯು ತನ್ನ ತೂಕದ ಹದಿನೈದು ಇಪ್ಪತ್ತು ಪಟ್ಟು ನೀರನ್ನು ಹಿಡಿಯಬಲ್ಲುದು. ಇದಲ್ಲದೆ ಈ ಪಾಚಿಯು ನೀರಿನಲ್ಲಿರುವ ಸುಣ್ಣ ಮೊದಲಾದ ಕ್ಷಾರಾಂಶಗಳನ್ನು ತಾನು ಹಿಡಿದುಕೊಂಡು ಅದಕ್ಕೆ ಬದಲಾಗಿ ಹುಳಿಯನ್ನು ಬಿಡುವುದು. ಆ ಹುಳಿನೀರಿನಲ್ಲಿ ಬೇರೆ ಸಸ್ಯಗಳಿಗೆ ಬಾಳುವೆ ಕಷ್ಟ. ನೆರೆಯವರನ್ನು ಹೊರಗಟ್ಟುವ ಇಂಥ ಉಪಾಯವುಳ್ಳ ಸಸ್ಯಗಳು ವಿರಳ.

ಸ್ಫ್ಯಾಗ್ನಂ ಪಾಚಿಯಲ್ಲಿ ಬಹಳ ಜಾತಿಗಳಿವೆ; ಅವುಗಳಿಗೆ ಬೇಕಾದ ನೀರಿನ ಮಟ್ಟವು ಒಂದೊಂದಕ್ಕೆ ಒಂದೊಂದು ಬಗೆ. ಕೆಲವು ನೀರಿನಲ್ಲಿಯೇ ತೇಲುವುವು. ಕೆಲವು ನೀರಿನ ಮಟ್ಟಕ್ಕೆ ಸರಿಯಾಗಿ ಹಾಸಿಕೊಳ್ಳುವುವು. ಫಸ್ಕಂ ಎಂಬ ಕಂದುಬಣ್ಣದ ಜಾತಿಯು ನೀರಿನ ಮೇಲೆ ಒಂದೆರಡು ಗೇಣು ಎತ್ತರದ ಗುಪ್ಪೆಯನ್ನು ಕಟ್ಟಿ ಅದರ ನೆತ್ತಿಯಲ್ಲಿ ಬಾಳುವುದು. ಕಾಂಡಗಳು ಒತ್ತಾಗಿ ಸೇರಿರುವುದರಿಂದ ಅವುಗಳ ಸಂದುಗಳಲ್ಲಿ ನೀರು ಬತ್ತಿಯಲ್ಲಿ ಎಣ್ಣೆಯೇರಿದಂತೆ ಏರುವುದು. ತಗ್ಗಿನ ಪಾಚಿಯು ಬೇಗ ಬೆಳೆಯಬಹುದು, ಆದರೆ ಬೇಗ ಕೊಳೆಯುವುದು. ಗುಪ್ಪೆಯ ಪಾಚಿಯ ಬೆಳವಣಿಗೆಯು ನಿಧಾನವಾದರೂ ಅದರ ಹೆಣವು ಬಹಳ ಕಾಲ ಕೆಡದೆ ಉಳಿಯುವುದು. ಆದುದರಿಂದ ಯಾವುದೋ ಕಾರಣದಿಂದ ಸ್ವಲ್ಪ ಎತ್ತರವಾದ ಸ್ಥಳವು ಮತ್ತಷ್ಟು ಎತ್ತರವಾಗುವುದಕ್ಕೂ ತಗ್ಗಾದುದು ಹಿಂದುಳಿಯುವುದಕ್ಕೂ ಅವಕಾಶವಾಗುತ್ತದೆ. ಆದರೆ ಗುಪ್ಪೆಯು ಮಿತಿಮೀರಿ ಏರಲಾರದು. ನೆತ್ತಿಯು ನೀರಿನಿಂದ ದೂರವಾದಂತೆ ಪಾಚಿಯು ಒಣಗಿ, ಬೆಳೆಯುವುದು ನಿಂತುಹೋಗುವುದು.

ಹೀಗೆ ಗುಪ್ಪೆಗಳೂ ತಗ್ಗುಗಳೂ ಆಗುವುದು ಸುಲಭವಾಗಿ ತಿಳಿಯುವ ಮಾತು. ಅವು ಇಳಿಜಾರಿಗೆ ಅಡ್ಡಲಾಗಿ ಸಾಲುಗಟ್ಟಿ ನಿಲ್ಲುವುದೇಕೆ? ಕಷ್ಟವಿರುವುದು ಇಲ್ಲಿ.

ಫಿನ್ಲೆಂಡಿನಲ್ಲಿ ಇಂಥ ಸಾಲುಗಳುಳ್ಳ ಜೌಗಿಗೆ ಆಪಾ ಎಂದೂ, ಅದರ ಬದುವಿಗೆ ಯಾನ್ನೆ ಎಂದೂ, ನಡುವಿನ ಮಡುವಿಗೆ ರಿಂಪಿ ಎಂದೂ ಜನರ ಬಳಕೆಯ ಹೆಸರುಗಳಿವೆ. ಸ್ವೀಡಿಷ್ ಭಾಷೆಯಲ್ಲಿ ಮಡುವಿಗೆ ಫ್ಲಾರ್ಕ್ ಎನ್ನುವರು. ಆಪಾ ಜೌಗಿನ ನಡುಭಾಗವು ಅಂಚಿಗಿಂತ ತಗ್ಗಾಗಿರುವುದು. ವಸಂತದಲ್ಲಿ ಸುತ್ತಲಿನ ಕಾಡಿನ ಹಿಮವು ಕರಗಿದಾಗ ಆ ನೀರು ಖನಿಜಾಂಶಗಳನ್ನು ಹೊತ್ತು ಅದರ ಮೇಲೆ ಹರಿಯುವುದು. ದಕ್ಷಿಣದ ಕಡೆಯಲ್ಲಿ ಬೇರೊಂದು ಬಗೆಯ ಜೌಗುಂಟು. ಅದು ನಡುವೆ ಉಬ್ಬಿ ಮಳೆಯ ನೀರನ್ನು ಮಾತ್ರ ನೆಚ್ಚಿಕೊಂಡಿರುವುದು, ಅದರ ಏರುಗಳು ಉಬ್ಬನ್ನು ಸುತ್ತುವರಿದ ಬಳೆಗಳಂತೆ ಕಾಣುವುವು. ಎರಡರಲ್ಲಿಯೂ ಏರು ನಿಲ್ಲುವುದು ನೀರು ಹರಿಯುವ ದಿಕ್ಕಿಗೆ ಅಡ್ಡವಾಗಿಯೇ. ಈ ಜೌಗುಗಳನ್ನು ವರ್ಗೀಕರಿಸಿ ೧೯೧೩ರಲ್ಲಿ ಗ್ರಂಥ ಬರೆದವನು ಎ. ಕೆ. ಕಾಯಾಂಡರ್ ಎಂಬ ಅರಣ್ಯಶಾಸ್ತ್ರಜ್ಞನು. ಮುಂದೆ ಈತನೇ ಮೂರು ಸಲ ಫಿನ್ಲೆಂಡಿನ ಪ್ರಧಾನಮಂತ್ರಿಯಾದನು. ಕೆಸರಿನಲ್ಲಿ ಕಾಲೂರಿ ಕಲಿತ ವಿದ್ಯೆಯು ರಾಜ್ಯಭಾರಕ್ಕೆ ಒದಗಿತೋ ಇಲ್ಲವೋ ಆ ದೇಶದವರು ಹೇಳಬೇಕು.

ಕಾರಣವನ್ನು ಹೇಳಿದವರಲ್ಲಿ ಬಹುಕಾಲ ಮನ್ನಣೆ ಪಡೆದವರು ಸ್ವೀಡನ್ನಿನ ಸೆರ್ನಾಂಡರ್ ಮತ್ತು ಫಾನ್ ಪೋಸ್ಟ್ ಎಂಬ ವಿದ್ವಾಂಸರು. ೧೯೧೦ರ ಸುಮಾರಿನಲ್ಲಿ ಇವರು ಮಂಡಿಸಿದ ವಾದವೇನೆಂದರೆ: ತಗ್ಗಿನ ಪಾಚಿಯು ಬೇಗ ಬೆಳೆದು ಗುಪ್ಪೆಯನ್ನು ಮೀರುವುದು; ಆಗ ಹಳೆಯ ಗುಪ್ಪೆಯೇ ತಗ್ಗಾಗಿ ಹಳೆಯ ತಗ್ಗೇ ಗುಪ್ಪೆಯಾಗುವುದು; ಹೀಗೆ ಸರದಿಯಿಂದ ಸ್ಥಾನ ಬದಲಾಗುತ್ತ ಜೌಗೆಲ್ಲವೂ ಏರುವುದು. ಓಸ್ವಾಲ್ಡ್ ಎಂಬವನು ೧೯೨೩ರಲ್ಲಿ ಕೊಮೊಸೆ ಎಂಬ ಜೌಗನ್ನು ವರ್ಣಿಸಿದ ಗ್ರಂಥದಿಂದ ಈ ವಾದವು ಎಲ್ಲೆಡೆಯೂ ಹರಡಿತು. ಅಂದವಾದ ವಾದ; ಆದರೆ ಅದಕ್ಕೆ ಸಾಕ್ಷಿಯು ಪೀಟಿನ ಹೊಟ್ಟೆಯಲ್ಲಿರಬೇಕಷ್ಟೆ. ಗುಪ್ಪೆಯ ಪಾಚಿಯ ಪದರವೂ ತಗ್ಗಿನ ಪಾಚಿಯ ಪದರವೂ ಒಂದಾದ ಮೇಲೊಂದು ತಪ್ಪದೆ ದೊರೆಯಬೇಕು. ೧೯೬೧ರಲ್ಲಿ ವಾಕರ್ ದಂಪತಿಗಳು ಐರ್ಲೆಂಡಿನಲ್ಲಿ ಪೀಟು ಕತ್ತರಿಸಿದ ಗೋಡೆಗಳನ್ನು ಪರೀಕ್ಷಿಸಿದಾಗ ಇಂಥ ಸರದಿಯು ಕಾಣಲಿಲ್ಲ. ೧೯೮೧ರಲ್ಲಿ ಬಾರ್ಬರ್ ಎಂಬವನು ಇಂಗ್ಲೆಂಡಿನ ಒಂದು ಜೌಗನ್ನು ಶೋಧಿಸಿ, ಗುಪ್ಪೆಯು ಬಹುಕಾಲ ತನ್ನ ಸ್ಥಾನದಲ್ಲಿಯೇ ಇರುವುದೆಂದೂ, ತೇವದ ಕಾಲದಲ್ಲಿ ತಗ್ಗುಗಳು ಹರಡಿ ಒಣ ಕಾಲದಲ್ಲಿ ಗುಪ್ಪೆಗಳು ಹರಡುವುವೆಂದೂ, ಇದಕ್ಕೆ ಹವೆಯೇ ಕಾರಣವೆಂದೂ ತೋರಿಸಿದನು. ಎಪ್ಪತ್ತು ವರ್ಷ ಪಾಠದಲ್ಲಿ ನಿಂತ ಮತವೊಂದು ಗುದ್ದಲಿಯ ಮುಂದೆ ಹೀಗೆ ಬಿದ್ದಿತು.

ಮಂಜುಗಡ್ಡೆಯೇ ಬದುಗಳನ್ನು ಕಟ್ಟಿತೆಂದು ಹೇಳಿದವರೂ ಉಂಟು. ಮಡುವಿನ ನೀರು ಹೆಪ್ಪುಗಟ್ಟಿ ಹಿಗ್ಗಿದಾಗ ಅಂಚಿನ ಪೀಟನ್ನು ಒತ್ತಿ ಏರಿಸುವುದೆಂದು ಅವರ ಅಭಿಪ್ರಾಯ. ಮತ್ತೆ ಕೆಲವರು, ನೆನೆದ ಪೀಟು ಇಳಿಜಾರಿನಲ್ಲಿ ಮೆಲ್ಲಮೆಲ್ಲನೆ ಜಾರುವಾಗ ಕಂಬಳಿ ಮಡಿಕೆ ಬಿದ್ದಂತೆ ಮಡಿಕೆ ಬೀಳುವುದೆಂದರು. ಕರಗಿದ ಹಿಮದ ನೀರು ತಂದ ಕಸಕಡ್ಡಿಗಳು ಗೆರೆಗಟ್ಟಿ ನಿಂತು ಬದುವಿಗೆ ತಳಹದಿಯಾಗುವುವೆಂಬ ಮಾತೂ ಇದೆ. ಇವೆಲ್ಲವೂ ಅಲ್ಲಲ್ಲಿ ನಡೆಯಬಹುದು. ಆದರೆ ಚಳಿಯು ಅಷ್ಟು ಕಠಿನವಲ್ಲದ ಸ್ಕಾಟ್ಲೆಂಡಿನ ಕಡಲತೀರದ ಕಡೆಯಲ್ಲಿಯೂ ಏರು ಮಡುಗಳ ಸಾಲುಗಳಿರುವುದರಿಂದ ಮಂಜುಗಡ್ಡೆಯೇ ಮೂಲಕಾರಣವೆಂದು ಒಪ್ಪುವುದು ಕಷ್ಟ.

ಈಗ ಹೆಚ್ಚು ಮಂದಿ ಒಪ್ಪಿರುವ ವಿವರಣೆಯು ನೀರಿನ ಹರಿವಿನಿಂದಲೇ ಹೊರಡುವುದು. ಇದನ್ನು ತಿಳಿಯಲು ಪೀಟಿನ ಎರಡು ಪದರಗಳನ್ನು ನೆನಪಿನಲ್ಲಿಡಬೇಕು. ಮೇಲಿನ ಒಂದೆರಡು ಗೇಣಿನ ಪದರವು ಸಡಿಲವಾಗಿ ನೀರು ಸಲೀಸಾಗಿ ಹರಿಯುವಂತಿರುವುದು. ಅದರ ಕೆಳಗಿನದು ಅದುಮಿಹೋಗಿ, ಅರೆಕೊಳೆತು, ಕೆರೆಯ ಏರಿಯ ನಡುವಣ ಜೇಡಿಯಂತೆ ನೀರನ್ನು ಬಿಡದೆ ಇರುವುದು. ನೀರು ಹರಿಯುವುದೆಲ್ಲವೂ ಮೇಲ್ಪದರದಲ್ಲಿಯೇ. ತಗ್ಗಿನಲ್ಲಿ ನೀರಿನ ಮಟ್ಟವು ಈ ಸಡಿಲವಾದ ಪದರದೊಳಗೆ ಅಥವಾ ನೆಲದ ಮೇಲೆಯೇ ಇರುವುದರಿಂದ ಅಲ್ಲಿ ಹರಿವು ಸುಲಭ. ಗುಪ್ಪೆಯ ನೆತ್ತಿಯು ಎತ್ತರವಾಗಿರುವುದರಿಂದ ಅದರ ಅಡಿಯಲ್ಲಿ ನೀರು ಬಿಗಿಯಾದ ಹಳೆಯ ಪೀಟಿನೊಳಗೆ ನುಸುಳಬೇಕಾಗುವುದು. ಆದುದರಿಂದ ಗುಪ್ಪೆಯು ಒಂದು ಸಣ್ಣ ಅಡ್ಡಕಟ್ಟೆಯಾಗಿ ಮೇಲ್ಗಡೆಯಿಂದ ಬಂದ ನೀರನ್ನು ತಡೆಯುವುದು. ತಡೆದ ನೀರು ಹಿಂದೆ ನಿಂತು ಅಲ್ಲಿ ತಗ್ಗಿನ ಸಸ್ಯಗಳಿಗೆ ಅನುಕೂಲವಾಗುವುದು. ಕೆಳಗಡೆಗೆ ನೀರು ಕಡಿಮೆಯಾಗಿ ಗುಪ್ಪೆಯ ಪಾಚಿಗೆ ಅನುಕೂಲವಾಗುವುದು. ನಿಂತ ನೀರಿನ ಮೇಲ್ಮೈಯು ಒಂದೇ ಮಟ್ಟವಾಗಿರುವುದರಿಂದ ಅದರ ಕೆಳದಂಡೆಯೂ ಸಮಮಟ್ಟದ ಗೆರೆಯನ್ನೇ ಹಿಡಿಯುವುದು. ಅಕ್ಕಪಕ್ಕದ ಗುಪ್ಪೆಗಳು ಆ ಗೆರೆಯುದ್ದಕ್ಕೂ ಕೈಹಿಡಿದಂತೆ ಸೇರಿ ಬದುವಾಗುವುವು. ೧೯೮೮ರಲ್ಲಿ ಸ್ವಾನ್ಸನ್ ಮತ್ತು ಗ್ರಿಗಾಲ್ ಎಂಬವರು ಈ ನಿಯಮಗಳನ್ನು ಮಾತ್ರ ಗಣಕಯಂತ್ರಕ್ಕೆ ಕೊಟ್ಟು, ಕ್ರಮವಿಲ್ಲದೆ ಚದುರಿಸಿದ ಗುಪ್ಪೆ ತಗ್ಗುಗಳಿಂದ ಲೆಕ್ಕವನ್ನು ಆರಂಭಿಸಿದರು. ಯಂತ್ರದಲ್ಲಿ ಇಳಿಜಾರಿಗೆ ಅಡ್ಡಲಾದ ಸಾಲುಗಳು ತಾವಾಗಿ ಮೂಡಿದುವು.

ಇದರಿಂದ ಬದುಗಳ ನಡುವಣ ಅಂತರವೂ ಸ್ವಲ್ಪಮಟ್ಟಿಗೆ ತಿಳಿಯುವುದು. ನೂರು ಮೀಟರಿಗೆ ಒಂದು ಮೀಟರು ಇಳಿಯುವ ನೆಲದಲ್ಲಿ ೨೦ ಸೆಂಟಿಮೀಟರು ಎತ್ತರದ ಬದು ಇದ್ದರೆ ಅದರ ಹಿಂದೆ ನೀರು ೨೦ ಮೀಟರಿನವರೆಗೆ ನಿಲ್ಲಬಲ್ಲುದು. ಇಳಿಜಾರು ಇಮ್ಮಡಿಯಾದರೆ ೧೦ ಮೀಟರಿಗೆ ನಿಲ್ಲುವುದು. ಜೌಗಿನಲ್ಲಿ ಕಾಣುವುದೂ ಹೀಗೆಯೇ: ಇಳಿಜಾರು ಹೆಚ್ಚಾದಲ್ಲಿ ಬದುಗಳು ಹತ್ತಿರಹತ್ತಿರವಾಗಿ ಮಡುಗಳು ಕಿರಿದಾಗಿರುವುವು; ಬಹಳ ಸಮವಾದಲ್ಲಿ ಮಡುಗಳು ಹಿಗ್ಗಿ ಬದುಗಳು ದಿಕ್ಕುತಪ್ಪಿ ಬಲೆಯಂತೆ ಹೆಣೆದುಕೊಳ್ಳುವುವು. ಇಳಿಜಾರು ಹೆಚ್ಚಾದಷ್ಟೂ ಬದುಗಳನ್ನು ಹತ್ತಿರ ಹಾಕಬೇಕೆಂಬುದು ಭೂಸಂರಕ್ಷಣೆಯ ಕೆಲಸ ಬಲ್ಲ ಕರ್ಣಾಟಕದ ರೈತನಿಗೆ ಹೊಸದೇನೂ ಅಲ್ಲ. ಪಾಚಿಯೂ ಅದೇ ಲೆಕ್ಕವನ್ನು ಹಿಡಿದಿರುವುದೇ ವಿಶೇಷ.

ಬದುವಿನ ಮೇಲೆ ಬೆಳೆಯುವ ಗಿಡಗಳ ಪಾಲೂ ಇದರಲ್ಲಿ ಉಂಟೆಂದು ೨೦೦೪ರಲ್ಲಿ ರೀಟ್ಕೆರ್ಕ್ ಮತ್ತು ಜೊತೆಗಾರರು ವಾದಿಸಿದರು. ಒಣಗಿರುವ ಬದುವಿನಲ್ಲಿ ಬೇರುಳ್ಳ ಪೊದೆಗಳೂ ಕುಳ್ಳ ಪೈನ್ ಮರಗಳೂ ಬೆಳೆದು ಎಲೆಗಳ ಮೂಲಕ ನೀರನ್ನು ಆವಿಯಾಗಿ ಬಿಡುವುವು. ಆ ನೀರಿನ ಸ್ಥಾನಕ್ಕೆ ಮಡುವಿನಿಂದ ನೀರು ಎಳೆದುಕೊಂಡು ಬರುವುದು. ಅದರೊಡನೆ ಸಾರಜನಕ, ರಂಜಕ ಮೊದಲಾದ ಆಹಾರಾಂಶಗಳೂ ಬಂದು ಬದುವಿನಲ್ಲಿಯೇ ಉಳಿಯುವುವು. ಹೀಗೆ ಬದುವು ಶ್ರೀಮಂತವಾಗಿ ಮಡುವು ಬಡವಾಗುವುದು. ಇದನ್ನು ಪರೀಕ್ಷಿಸಲು ಸ್ಕಾಟ್ಲೆಂಡ್, ಸ್ವೀಡನ್, ಸೈಬೀರಿಯ ಈ ಮೂರೆಡೆಗಳ ಜೌಗುಗಳನ್ನು ಹೋಲಿಸಲಾಯಿತು. ಬೇಸಗೆಯಲ್ಲಿ ಆವಿಯಾಗುವಿಕೆ ಬಲವಾಗಿರುವ ಸೈಬೀರಿಯದಲ್ಲಿ ಆಹಾರಾಂಶಗಳು ಏರುಗಳಲ್ಲಿ ಕೂಡಿದ್ದುವು. ಸದಾ ಮಳೆಯ ಸ್ಕಾಟ್ಲೆಂಡಿನಲ್ಲಿ ಹಾಗಿರಲಿಲ್ಲ. ಎಂದರೆ ಒಂದೇ ಬಗೆಯ ನೋಟಕ್ಕೆ ಎಲ್ಲೆಡೆಯೂ ಒಂದೇ ಕಾರಣವೆಂದು ಹಟ ಹಿಡಿಯುವುದು ಸರಿಯಲ್ಲ.

ಮಡುಗಳಾದರೋ ಜೌಗಿನಷ್ಟು ಹಳೆಯವಲ್ಲ. ಲಾಬ್ರಡಾರ್ ಮತ್ತು ಸ್ವೀಡನ್ ಸೀಮೆಗಳಲ್ಲಿ ಫಾಸ್ಟರ್ ಎಂಬ ಶೋಧಕನು ೧೯೮೦ರ ದಶಕದಲ್ಲಿ ಅವುಗಳ ತಳವನ್ನು ಕೊರೆದು ನೋಡಿ, ಪೀಟು ಎಷ್ಟೋ ದಪ್ಪವಾದ ಮೇಲೆ ಅದರ ಮೇಲ್ಮೈಯಲ್ಲಿ ಅವು ಹುಟ್ಟಿ ಹಿಗ್ಗಿದುವೆಂದು ತಿಳಿಸಿದನು. ನೀರು ಒಮ್ಮೆ ಆಳವಾಗಿ ನಿಂತ ತಗ್ಗಿನಲ್ಲಿ ಪಾಚಿಯು ಸಾಯುವುದು. ತಳದ ಪೀಟು ನಿಧಾನವಾಗಿ ಕೊಳೆಯುತ್ತಿರುವುದು. ಸುತ್ತಲಿನ ಬದುವು ಏರುತ್ತಲೇ ಇರುವುದು. ಹಳ್ಳವು ಅಗೆಯದೆಯೇ ಆಳವಾಗುವುದು.

ಮತ್ತೂ ಉತ್ತರಕ್ಕೆ ಹೋದರೆ ಪಾಲ್ಸಾ ಎಂಬ ಪೀಟಿನ ದಿಬ್ಬಗಳು ಕಾಣುವುವು. ಕೆಲವು ಹಲವು ಮೀಟರು ಎತ್ತರ. ಇವುಗಳಲ್ಲಿ ಮಾತ್ರ ಮಂಜುಗಡ್ಡೆಯೇ ಕರ್ತೃ. ಒಣಗಿದ ಪೀಟು ಬೇಸಗೆಯ ಬಿಸಿಯನ್ನು ಒಳಬಿಡದು. ನೆನೆದು ಹೆಪ್ಪುಗಟ್ಟಿದ ಪೀಟು ಚಳಿಯನ್ನು ಚೆನ್ನಾಗಿ ಒಳಬಿಡುವುದು. ಆದುದರಿಂದ ಒಳಗಿನ ಗಡ್ಡೆಯು ಕರಗದೆ ವರ್ಷವರ್ಷವೂ ದಪ್ಪವಾಗುವುದು. ಸೆಪ್ಪಾಲಾ ಎಂಬ ಫಿನ್ಲೆಂಡಿನ ಭೂಗೋಳಜ್ಞನು ೧೯೭೦ರ ದಶಕದಲ್ಲಿ ಜೌಗಿನ ಒಂದು ತುಂಡಿನ ಮೇಲೆ ಬಿದ್ದ ಹಿಮವನ್ನು ಹಲವು ಚಳಿಗಾಲ ಗುಡಿಸಿಹಾಕಿ, ಹಿಮದ ಹೊದಿಕೆ ತಪ್ಪಿದ ಆ ತಾಣದಲ್ಲಿ ಸಣ್ಣದೊಂದು ಪಾಲ್ಸಾವನ್ನು ತಾನೇ ಬೆಳೆಸಿ ತೋರಿಸಿದನು. ಇತ್ತೀಚೆಗೆ ಹವೆಯು ಬಿಸಿಯಾಗುತ್ತಿರುವುದರಿಂದ ಈ ದಿಬ್ಬಗಳು ಕುಸಿದು ಕೊಳಗಳಾಗುತ್ತಿವೆ.

ಈ ಬದುಮಡುಗಳ ನಾಡನ್ನು ಜನರು ವ್ಯರ್ಥವೆಂದು ಬಿಟ್ಟಿರಲಿಲ್ಲ. ಉತ್ತರ ಸ್ವೀಡನ್ ಮತ್ತು ಫಿನ್ಲೆಂಡಿನ ಒಕ್ಕಲಿಗರ ದನಗಳು ಉದ್ದವಾದ ಚಳಿಗಾಲವನ್ನು ಕಳೆದುದು ಬಹುಮಟ್ಟಿಗೆ ಜೌಗಿನ ಜೇಕಿನ ಹುಲ್ಲಿನಿಂದ. ಬೇಸಗೆಯ ಕೊನೆಯಲ್ಲಿ ಮನೆಮಂದಿಯೆಲ್ಲ ಕುಡುಗೋಲುಗಳೊಡನೆ ಹೋಗಿ, ಬದುಗಳನ್ನು ಕಾಲುದಾರಿಯಾಗಿ ಹಿಡಿದು, ಮಡುಗಳ ನೀರಿನಲ್ಲಿ ನಿಂತು ಹುಲ್ಲನ್ನು ಕೊಯ್ಯುತ್ತಿದ್ದರು. ಅಡ್ಡಗಳುಗಳ ಮೇಲೆ ಹರವಿ ಒಣಗಿಸಿ ಜೌಗಿನ ಬಳಿಯ ಕೊಟ್ಟಿಗೆಯಲ್ಲಿಟ್ಟು, ಹಿಮ ಬಿದ್ದ ಮೇಲೆ ಜಾರುಬಂಡಿಯಲ್ಲಿ ಮನೆಗೆ ಒಯ್ಯುತ್ತಿದ್ದರು. ಒಂದೇ ಮಡುವನ್ನು ವರ್ಷವರ್ಷವೂ ಕೊಯ್ದರೆ ಇಳುವರಿ ಇಳಿಯುವುದರಿಂದ ಅನೇಕರು ವರ್ಷ ಬಿಟ್ಟು ವರ್ಷ ಕೊಯ್ಯುತ್ತಿದ್ದರು. ಕೆಲವೆಡೆ ತೊರೆಗೆ ಕಟ್ಟೆ ಹಾಕಿ ವಸಂತದ ನೀರನ್ನು ಹುಲ್ಲಿನ ಮೇಲೆ ನಿಲ್ಲಿಸಿ, ಅದು ತಂದ ಮೆಕ್ಕಲನ್ನು ಗೊಬ್ಬರವಾಗಿ ಪಡೆಯುತ್ತಿದ್ದರು. ಆ ಹುಲ್ಲು ದನದ ಗೊಬ್ಬರವಾಗಿ, ಗೊಬ್ಬರವು ಸಣ್ಣ ಹೊಲದ ಬಾರ್ಲಿಯಾಗಿ ಬರುತ್ತಿತ್ತು. ಹುಲ್ಲುಗಾವಲು ಹೊಲದ ತಾಯಿ ಎಂದು ಸ್ವೀಡನ್ನಿನ ಗಾದೆ. ಬದುಗಳ ಮೇಲೆ ಕ್ಲೌಡ್‌ಬೆರಿ ಎಂಬ ಹೊಂಬಣ್ಣದ ಹಣ್ಣೂ ಅವರಿಗೆ ದೊರೆಯುತ್ತಿತ್ತು. ಅದನ್ನು ಇಂದಿಗೂ ಆರಿಸುವರು.

ಇಪ್ಪತ್ತನೆಯ ಶತಮಾನದಲ್ಲಿ ಈ ರೀತಿ ಬದಲಾಯಿತು. ಫಿನ್ಲೆಂಡಿನಲ್ಲಿ ಮೊದಲು ಸುಮಾರು ಒಂದು ಕೋಟಿ ಹೆಕ್ಟೇರು ಜೌಗಿದ್ದಿತು, ಎಂದರೆ ದೇಶದ ಸುಮಾರು ಮೂರನೆಯ ಒಂದು ಪಾಲು. ಅದರಲ್ಲಿ ಅರ್ಧಕ್ಕೂ ಮಿಕ್ಕ ನೆಲವನ್ನು ಮರ ಬೆಳೆಸುವುದಕ್ಕಾಗಿ ಕಾಲುವೆ ತೋಡಿ ಒಣಗಿಸಲಾಯಿತು. ಹೆಚ್ಚಿನ ಕೆಲಸವು ೧೯೫೦ರಿಂದ ೧೯೮೦ರ ಒಳಗೆ ನಡೆಯಿತು. ಹಲವೆಡೆ ಮರಗಳು ಚೆನ್ನಾಗಿ ಬೆಳೆದುವೆಂಬುದನ್ನು ಮರೆಮಾಚಲಾಗದು. ಆದರೆ ಆಹಾರಾಂಶಗಳು ಬಹಳ ಕಡಿಮೆಯಿರುವ ಬದುಮಡುಗಳ ನೆಲದಲ್ಲಿ ತೋಡಿದ ಕಾಲುವೆಗಳಿಂದ ಖರ್ಚು ಹುಟ್ಟದ ಸ್ಥಳಗಳೂ ಬಹಳ. ಕಾಲುವೆಯು ಬದುಗಳನ್ನು ಕಡಿದುಕೊಂಡು ನೇರವಾಗಿ ಇಳಿಯುವುದು. ಸಾವಿರಾರು ವರ್ಷ ಮೆಟ್ಟಿಲುಮೆಟ್ಟಿಲಾಗಿ ನಿಂತಿದ್ದ ನೀರು ಒಮ್ಮೆಗೇ ಹೊರಟುಹೋಗುವುದು. ಜೌಗಿನೊಳಗೆ ಗುದ್ದಲಿ ಹಾಕದೆ ಮೇಲ್ಗಡೆಯ ಅಂಚಿನಲ್ಲಿ ಒಂದು ಕಾಲುವೆಯನ್ನು ತೋಡಿದರೂ ಸಾಕು. ಕಾಡಿನಿಂದ ಬರುವ ನೀರು ತಪ್ಪಿ, ಮಡುಗಳ ಮೇಲೆ ಪಾಚಿ ಹಬ್ಬಿ, ಕೆಲವೇ ದಶಕಗಳಲ್ಲಿ ಸಾಲುಗಳ ಗುರುತು ಮಾಸತೊಡಗುವುದು. ಮೇಲಿನ ಊರಿನವರು ನೀರು ತಿರುಗಿಸಿಕೊಂಡಾಗ ಕೆಳಗಿನ ಕೆರೆಯು ಬತ್ತುವಂತೆಯೇ ಇದು.

ಒಣಗಿಸಿದ ಪೀಟಿನ ಇನ್ನೊಂದು ಗುಣವನ್ನು ಸಾಗುವಳಿದಾರರು ತಡವಾಗಿ ಅರಿತರು. ನೀರು ಹೋದೊಡನೆ ಗಾಳಿ ಹೊಗುವುದು. ಗಾಳಿ ಹೊಕ್ಕೊಡನೆ ಇಷ್ಟು ಕಾಲ ಕೊಳೆಯದೆ ಇದ್ದುದು ಕೊಳೆಯುವುದು. ನೆಲವೇ ಇಂಗಾಲದ ವಾಯುವಾಗಿ ಆಕಾಶಕ್ಕೆ ಹೋಗುವುದು. ಇಂಗ್ಲೆಂಡಿನ ಹೋಮ್ ಎಂಬಲ್ಲಿ ಪೀಟಿನ ನೆಲವನ್ನು ಒಣಗಿಸಿದಾಗ, ೧೮೫೧ರ ಸುಮಾರಿನಲ್ಲಿ, ಒಂದು ಕಬ್ಬಿಣದ ಕಂಬವನ್ನು ಅದರ ತಲೆಯು ನೆಲದ ಮಟ್ಟಕ್ಕೆ ಬರುವಂತೆ ಹೂಳಿದರು. ಆ ತಲೆಯು ಈಗ ನೆಲದಿಂದ ಸುಮಾರು ನಾಲ್ಕು ಮೀಟರು ಮೇಲಿದೆ. ಕಂಬವು ಮೇಲೇಳಲಿಲ್ಲ, ನೆಲವು ಇಳಿಯಿತು. ಫಿನ್ಲೆಂಡಿನ ಸಾಗುವಳಿಯ ಹೊಲಗಳಲ್ಲಿ ಸುಮಾರು ಹತ್ತನೆಯ ಒಂದು ಪಾಲು ಪೀಟಿನದೇ. ಅವುಗಳಲ್ಲಿಯೂ ಈ ಇಳಿತವು ನಡೆದೇ ಇದೆ. ಪೀಟು ತೆಳುವಾದ ಹೊಲದಲ್ಲಿ ಕಾಲುವೆಗಳನ್ನು ಮತ್ತೆ ಮತ್ತೆ ಆಳಮಾಡಬೇಕಾಗುವುದು, ಆಳಮಾಡಿದಷ್ಟೂ ಪೀಟು ಮತ್ತೆ ಇಳಿಯುವುದು. ಈ ಸುತ್ತಿನಿಂದ ಒಕ್ಕಲಿಗನಿಗೆ ಬಿಡುಗಡೆ ಸುಲಭವಲ್ಲ. ತೋಟಗಾರಿಕೆಗಾಗಿ ಅಗೆದು ಮಾರುವ ಪೀಟಿನ ಖರ್ಚೂ ಇದರೊಡನೆ ಸೇರಿದೆ. ಕರ್ಣಾಟಕದ ಸಸಿಮಡಿಗಳಲ್ಲಿ ಬಳಸುವ ತೆಂಗಿನ ನಾರಿನ ಹುಡಿಯು ಯೂರೋಪಿನ ಸಸಿಗಾರರಿಗೂ ಹೋಗುತ್ತಿರುವುದು ಈ ಪೀಟಿನ ಸ್ಥಾನವನ್ನು ಸ್ವಲ್ಪವಾದರೂ ತುಂಬುವುದಕ್ಕಾಗಿಯೇ.

೧೯೮೦ರ ದಶಕದ ಕೊನೆಯಿಂದ ಫಿನ್ಲೆಂಡಿನ ಸರ್ಕಾರದ ಅರಣ್ಯಗಳಲ್ಲಿ ಕೆಲವು ಜೌಗುಗಳನ್ನು ಹಿಂದಿನ ಸ್ಥಿತಿಗೆ ತರುವ ಕೆಲಸವು ನಡೆಯುತ್ತಿದೆ. ಒಣನೆಲದಲ್ಲಿ ಬೆಳೆದ ಮರಗಳನ್ನು ಕಡಿದು ತೆಗೆಯುವರು. ಕಾಲುವೆಯನ್ನು ಪೀಟಿನಿಂದಲೇ ಮುಚ್ಚಿ, ಅಲ್ಲಲ್ಲಿ ಅದರ ಮೇಲೆ ಕಟ್ಟೆಯನ್ನು ಹಾಕಿ, ನೀರು ಹಳೆಯ ಕಾಲುವೆಯ ದಾರಿಯನ್ನು ಹಿಡಿಯದೆ ಜೌಗಿನ ಮೇಲೆ ಹರಡುವಂತೆ ತಿರುಗಿಸುವರು. ಎಲ್ಲಕ್ಕಿಂತ ಮೊದಲು ನೋಡಬೇಕಾದುದು ಮೇಲ್ಗಡೆಯ ಅಂಚಿನ ಕಾಲುವೆ. ಅದನ್ನು ಬಿಟ್ಟು ಒಳಗಿನವನ್ನು ಮಾತ್ರ ಮುಚ್ಚಿದರೆ ಪ್ರಯೋಜನವಿಲ್ಲ. ನೀರಿನ ಮಟ್ಟವು ಒಂದೆರಡು ವರ್ಷಗಳಲ್ಲಿಯೇ ಏರುವುದು. ಜೇಕು ಮತ್ತು ತಗ್ಗಿನ ಪಾಚಿಗಳು ಅದರ ಹಿಂದೆಯೇ ಬರುವುವು. ಬದುವಿನ ಕಂದು ಪಾಚಿಯು ಮಾತ್ರ ಅವಸರಪಡದು. ಕಾಲುವೆಯು ಕಡಿದ ಕಂಡಿಗಳಲ್ಲಿ ಅದು ಮತ್ತೆ ಗುಪ್ಪೆಗಟ್ಟಿ ಎರಡು ತುದಿಗಳೂ ಕೂಡುವುದಕ್ಕೆ ಎಷ್ಟೋ ತಲೆಮಾರುಗಳು ಹಿಡಿಯುವುವು. ಅಲ್ಲಿಯವರೆಗೂ ಕಂಡಿಯಲ್ಲಿ ನೀರನ್ನು ಹಿಡಿಯುವುದು ಮನುಷ್ಯನು ಹಾಕಿದ ಕಟ್ಟೆಯೇ.